ಯಾವ ಭಾಷೆಗೆ ಎಷ್ಟು ಸಂಬಳ?

ಲೈಟು ಕಂಬಗಳಿಗೆ ಅಂಟಿಸಿದ ಚೀಟಿಗಳನ್ನು ಓದುವುದು ನನಗೊಂದು ಚಟ. ಒಂದು ಕಾಲಕ್ಕೆ ನಮ್ಮ ಬಡಾವಣೆಯ ಕಂಬಗಳಲ್ಲಿ ಮೂವತ್ತೇ ದಿನದಲ್ಲಿ ಇಂಗ್ಲಿಷ್ ಕಲಿಸುವವರು ಇದ್ದರು. ಆಮೇಲೆ ಟೈಪಿಂಗ್ ಹೋಗಿ ಟ್ಯಾಲಿ ಬಂತು, ಜಾವಾ ಬಂತು, ಡೇಟಾ ಸೈನ್ಸ್ ಬಂತು. ಈಗ ‘ಲೇಡೀಸ್ ಪಿ.ಜಿ.’ಗೂ ‘ಮೂಲವ್ಯಾಧಿಗೆ ಶಾಶ್ವತ ಪರಿಹಾರ’ಕ್ಕೂ ನಡುವೆ ಜರ್ಮನ್ ಬಂದು ಕೂತಿದೆ: ಎ1ರಿಂದ ಬಿ2ವರೆಗೆ, ವಾರಾಂತ್ಯದ ಬ್ಯಾಚು, ವೀಸಾ ಸಲಹೆ ಉಚಿತ. ಅದರ ಕೆಳಗೆ ಜಪಾನೀಸ್. ಅದರ ಮೇಲೆ ಅರ್ಧ ಮುಚ್ಚುವಂತೆ ಕೊರಿಯನ್.

ಚೀಟಿಗಳ ಬಗ್ಗೆ ನನ್ನ ತಕರಾರಿಲ್ಲ. ಗೊಂದಲ ಇರುವುದು ಅವನ್ನು ಓದಿ ಫೋನ್ ಮಾಡುವವರ ಪ್ರಶ್ನೆಯಲ್ಲಿ. “ಈಗ ಯಾವ್ದು ನಡೀತಿದೆ ಸಾರ್?” ಜಾವಾ ಬಗ್ಗೆ ಹೀಗೇ ಕೇಳುತ್ತಿದ್ದರು, ಕನಕಪುರ ರಸ್ತೆಯ ಸೈಟಿನ ಬಗ್ಗೆಯೂ ಹೀಗೇ ಕೇಳುತ್ತಾರೆ.

*

ಅಕ್ಕನ ಮಗಳು ತುಮಕೂರಿನಲ್ಲಿ ಮೆಕ್ಯಾನಿಕಲ್ ಕೊನೆಯ ವರ್ಷ. “ಮಾವ, ಜರ್ಮನ್ ತಗೊಳ್ಳಲಾ, ಜಪಾನೀಸ್ ತಗೊಳ್ಳಲಾ?” ಎಂದು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಗೆಳತಿಯರೆಲ್ಲ ಸೇರಿ ಎಕ್ಸೆಲ್‌ನಲ್ಲಿ ಕೋಷ್ಟಕ ಮಾಡಿದ್ದಾರೆ. ಅಡ್ಡಸಾಲಿನಲ್ಲಿ ಜರ್ಮನ್, ಫ್ರೆಂಚ್, ಜಪಾನೀಸ್, ಕೊರಿಯನ್, ಸ್ಪ್ಯಾನಿಷ್. ಕಂಬಸಾಲಿನಲ್ಲಿ ಸಂಬಳ, ಕಷ್ಟ, ವೀಸಾ, ಕ್ಲಾಸಿನ ಫೀಸು, ಕೊನೆಯಲ್ಲಿ ‘ಸೀರಿಯಲ್ ನೋಡಬಹುದೇ’. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಕೊನೆಯ ಸಾಲಿನ ಕೃಪೆಯಿಂದ ಕೊರಿಯನ್ ಮುಂದಿತ್ತು.

ನೀನು ಮಾಡಬೇಕೆಂದಿರುವ ಕೆಲಸ ಯಾವುದು, ಅದಕ್ಕೊಂದು ಸಾಲು ಇಲ್ಲವಲ್ಲ ಎಂದೆ. “ಅದು ಆಮೇಲೆ ನೋಡ್ಕೋಬಹುದು ಮಾವ, ಮೊದಲು ಲ್ಯಾಂಗ್ವೇಜ್ ಫೈನಲ್ ಆಗ್ಲಿ” ಎಂದಳು. ಇದನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ, ಏಕೆಂದರೆ ಆಮೇಲೆ ಭೇಟಿಯಾದ ಹತ್ತಾರು ಜನರ ಲೆಕ್ಕವೂ ಇದೇ ಕ್ರಮದಲ್ಲಿತ್ತು.

*

ಈ ಕೋಷ್ಟಕಗಳ ‘ಕಷ್ಟ’ ಎಂಬ ಸಾಲಿಗೆ ಎಲ್ಲರೂ ಬಳಸುವ ಅಂಕಿಗಳು ಒಂದೇ ಕಡೆಯಿಂದ ಬಂದವು: ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವ ಸಂಸ್ಥೆಯಿಂದ. ಸ್ಪ್ಯಾನಿಷ್, ಫ್ರೆಂಚ್‌ಗಳಿಗೆ ಸುಮಾರು 600ರಿಂದ 750 ತರಗತಿ ಗಂಟೆ. ಜರ್ಮನ್‌ಗೆ 900ರ ಆಸುಪಾಸು. ಜಪಾನೀಸ್, ಚೀನೀ, ಕೊರಿಯನ್, ಅರೇಬಿಕ್‌ಗೆ 2200.

ಇದು ಇಂಗ್ಲಿಷ್ ಮನೆಮಾತಿನವರಿಗೆ ಹಾಕಿದ ಲೆಕ್ಕ. ಜಪಾನೀಸಿನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ ಎಂದರೆ ಅಮೆರಿಕದವನಿಗೆ ತಲೆ ಕೆಳಗಾಗಿ ನಿಂತಂತೆ. ತುಮಕೂರಿನ ಹುಡುಗಿಗೆ ಅದರಲ್ಲಿ ಹೊಸದೇನೂ ಇಲ್ಲ, ಅವಳು ಹುಟ್ಟಿದಾಗಿನಿಂದ ಹಾಗೇ ಮಾತಾಡುತ್ತಿದ್ದಾಳೆ. ಜಪಾನೀಸ್ ವಾಕ್ಯವನ್ನು ಪದದ ಹಿಂದೆ ಪದ ಇಟ್ಟು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಕನ್ನಡವೇ ಆಗುತ್ತದೆ. ಆದರೆ ಜಪಾನ್ ಸರ್ಕಾರದ ಬಳಕೆಯ ಪಟ್ಟಿಯಲ್ಲಿರುವ 2136 ಕಾಂಜಿ ಅಕ್ಷರಗಳು ಅಮೆರಿಕದವನಿಗೂ ನಮಗೂ ಒಂದೇ ಸಮ ಕಷ್ಟ. ಹಾಗಾದರೆ ಕನ್ನಡ ಮಾತಾಡುವವರಿಗೆ ಜಪಾನೀಸ್ ಎಷ್ಟು ಗಂಟೆ? ಯಾವ ಕ್ಲಾಸಿನವರೂ ಹೇಳುವುದಿಲ್ಲ. ಅಮೆರಿಕದ ಅಂಕಿಯನ್ನೇ ಗೋಡೆಗೆ ಅಂಟಿಸಿರುತ್ತಾರೆ.

ಇನ್ನೊಂದು ವಿಷಯವನ್ನೂ ಹೇಳುವುದಿಲ್ಲ. ಆ ಅಧಿಕಾರಿಗಳು ಸಂಬಳ ಎಣಿಸುತ್ತ, ಬೇರೆ ಕೆಲಸವಿಲ್ಲದೆ ದಿನವಿಡೀ ಕಲಿಯುತ್ತಾರೆ, ಮನೆಪಾಠ ಬೇರೆ. ನಮ್ಮವರದು ಶನಿವಾರ ಎರಡು ಗಂಟೆ, ಭಾನುವಾರ ಎರಡು ಗಂಟೆ. ಹಬ್ಬ, ಮದುವೆ, ಜ್ವರ ಕಳೆದರೆ ವರ್ಷಕ್ಕೆ 200 ಗಂಟೆ ಎನ್ನಿ. ಜರ್ಮನ್‌ಗೆ ನಾಲ್ಕೂವರೆ ವರ್ಷ ಆಯಿತು. ಜಪಾನೀಸ್‌ಗೆ ಹನ್ನೊಂದು ವರ್ಷ. ಗೃಹಸಾಲದ ಕಂತನ್ನು ಪೈಸೆ ಬಿಡದೆ ಲೆಕ್ಕ ಹಾಕುವ ಜನ ಈ ಗುಣಾಕಾರ ಮಾಡುವುದನ್ನು ನಾನು ಕಂಡಿಲ್ಲ.

*

ಎ1, ಎ2, ಬಿ1, ಬಿ2, ಸಿ1, ಸಿ2. ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ, ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಮೆಟ್ಟಿಲುಗಳಿವು. ಈಗ ನಮ್ಮ ಹುಡುಗರ ಬಯೋಡೇಟಾಗಳಲ್ಲಿ ರಕ್ತದ ಗುಂಪಿನ ಹಾಗೆ ಬರೆದಿರುತ್ತದೆ. ಬಹುಪಾಲು ಎ1. ಎ1 ಎಂದರೆ ಹೆಸರು, ಊರು ಹೇಳಬಹುದು, ಬೆಲೆ ಕೇಳಬಹುದು, ಎದುರಿನವರು ನಿಧಾನಕ್ಕೆ ಮಾತಾಡಿದರೆ ರೈಲು ಎಷ್ಟು ಗಂಟೆಗೆಂದು ತಿಳಿದುಕೊಳ್ಳಬಹುದು. ಇಷ್ಟಕ್ಕೆ ಸಂಬಳ ಕೊಡುವ ಕೆಲಸ ಯಾವುದಿದೆ ಎಂದು ಯೋಚಿಸಿದೆ. ಹೊಳೆಯಲಿಲ್ಲ.

ಹಲವು ವರ್ಷಗಳಿಂದ ಜರ್ಮನ್ ಕಲಿಸುತ್ತಿರುವ ಮೇಡಂ ಒಬ್ಬರು ಹೇಳಿದರು: “ಎ1 ಬ್ಯಾಚಿಗೆ ಕುರ್ಚಿ ಸಾಲೋದಿಲ್ಲ. ಬಿ1ಗೆ ಬರೋ ಹೊತ್ತಿಗೆ ಒಂದೇ ಬೆಂಚು. ಬಿ2ಗೆ ಬ್ಯಾಚೇ ಆಗಲ್ಲ, ಆನ್‌ಲೈನ್‌ನಲ್ಲಿ ಮೂರು ಊರಿನವರನ್ನ ಸೇರಿಸಿ ನಡೆಸ್ತೀನಿ.” ಕೆಲಸ ಕೊಡುವವರು ಕೇಳುವುದು ಬಿ2. ಅಂದರೆ ದುಡ್ಡು ಸುರಿಯುವವರೆಲ್ಲ ದುಡ್ಡು ಹುಟ್ಟುವ ಮೆಟ್ಟಿಲಿಗೆ ಬಹಳ ಕೆಳಗೇ ಇಳಿದುಬಿಡುತ್ತಾರೆ. ಮೇಡಂಗೆ ಇದರಲ್ಲಿ ಬೇಸರವೇನೂ ಕಾಣಲಿಲ್ಲ. ಎ1 ಬ್ಯಾಚಿನಿಂದಲೇ ಬಾಡಿಗೆ ಕಟ್ಟುವುದು ಎಂದು ನಕ್ಕರು.

*

ಜಪಾನೀಸ್ ಪರೀಕ್ಷೆ ಇನ್ನೂ ವಿಚಿತ್ರ. ಎನ್5 ಕೆಳಗಿನದು, ಎನ್1 ಮೇಲಿನದು. ಭಾರತದಲ್ಲಿ ಜುಲೈ ಮತ್ತು ಡಿಸೆಂಬರ್‌ನ ಮೊದಲ ಭಾನುವಾರ ನಡೆಯುತ್ತದೆ. ಒಟ್ಟು 180 ಅಂಕ, ಎನ್2ಗೆ 90 ಬಂದರೆ ಪಾಸು, ಎನ್1ಗೆ 100. ಯಾವ ವಿಭಾಗದಲ್ಲೂ 19ಕ್ಕಿಂತ ಕೆಳಗೆ ಬೀಳುವಂತಿಲ್ಲ. ಓದಬೇಕು, ಕೇಳಬೇಕು, ಗುಂಡಿಗೆ ಬಣ್ಣ ತುಂಬಬೇಕು. ಮಾತಾಡಬೇಕಿಲ್ಲ. ಒಂದು ವಾಕ್ಯ ಬರೆಯಬೇಕೂ ಇಲ್ಲ. ಅತ್ಯುನ್ನತ ಎನ್1ರಲ್ಲೂ ಅಷ್ಟೇ.

ಹೀಗಾಗಿ ಎರಡು ಬಗೆಯ ಹುಡುಗರು ಸಿಗುತ್ತಾರೆ. ಒಬ್ಬ ಎನ್2 ಪಾಸಾಗಿದ್ದಾನೆ, ಯಂತ್ರದ ಕೈಪಿಡಿ ಓದುತ್ತಾನೆ, ಒಸಾಕಾದಿಂದ ಫೋನ್ ಬಂದರೆ ಬಾತ್‌ರೂಮಿಗೆ ಹೋಗುತ್ತಾನೆ. ಇನ್ನೊಬ್ಬ ನಾಗೋಯಾದಲ್ಲಿ ಎರಡು ವರ್ಷ ಶಾಪ್ ಫ್ಲೋರಿನಲ್ಲಿದ್ದು ಬಂದವನು, ಜಪಾನಿನವರ ಜೊತೆ ಜೋಕು ಹೊಡೆಯುತ್ತಾನೆ, ಕಾಂಜಿ ಕಂಡರೆ ಮುಖ ತಿರುಗಿಸುತ್ತಾನೆ. ಕಂಪನಿಯ ಜಾಹೀರಾತು ‘ಎನ್2 ಕಡ್ಡಾಯ’ ಎನ್ನುತ್ತದೆ. ಮೊದಲನೆಯವನಿಗೆ ಕೆಲಸ, ಎರಡನೆಯವನಿಗೆ ‘ತಿಳಿಸುತ್ತೇವೆ’. ಕೆಲಸ ಸಿಕ್ಕ ಮೇಲೆ ಮೊದಲನೆಯವನು ಎರಡನೆಯವನಿಗೆ ಫೋನ್ ಮಾಡಿ ಕೇಳುತ್ತಾನೆ. ಇಬ್ಬರೂ ನನಗೆ ಪರಿಚಯ, ಹಾಗಾಗಿ ಗೊತ್ತು.

*

ಪೀಣ್ಯದ ಒಂದು ಬಿಡಿಭಾಗದ ಕಾರ್ಖಾನೆ. ಗೋಡೆಯ ಮೇಲೆ ಹಳದಿ ಬಣ್ಣದಲ್ಲಿ, ಕನ್ನಡ ಅಕ್ಷರದಲ್ಲಿ: ಸೈರಿ, ಸೈಟನ್, ಸೈಸೊ, ಸೈಕೆತ್ಸು, ಶಿತ್ಸುಕೆ. ಬೇಡದ್ದನ್ನು ತೆಗೆ, ಇರುವುದನ್ನು ಜೋಡಿಸು, ಗುಡಿಸು ಎಂದು ಶುರುವಾಗುವ ಐದು ‘ಎಸ್’ಗಳ ಪಾಠ. ಲೇತಿನ ಮುಂದೆ ನಿಂತ ಶಿರಾ ಕಡೆಯ ಹಿರಿಯರು ಮಾತಿನ ನಡುವೆ ‘ಕೈಜೆನ್ ಕೊಟ್ಟೆ’, ‘ಪೋಕಾಯೋಕೆ ಹಾಕಿದ್ವಿ’, ‘ಅದು ಮುಡಾ ಸಾರ್’ ಎನ್ನುತ್ತಾರೆ. (ಕೈಜೆನ್ ಎಂದರೆ ಸುಧಾರಣೆಯ ಸಲಹೆ, ಪೋಕಾಯೋಕೆ ಎಂದರೆ ತಪ್ಪಾಗದಂತೆ ತಡೆಯುವ ಏರ್ಪಾಟು. ಮುಡಾ ಮಾತ್ರ ಮೈಸೂರಿನ ನಗರಾಭಿವೃದ್ಧಿ ಪ್ರಾಧಿಕಾರದ ಮುಡಾ ಅಲ್ಲ. ಕಾರ್ಖಾನೆಯಲ್ಲಿ ಮುಡಾ ಎಂದರೆ ದಂಡ, ಪೋಲು.) ಟೊಯೋಟಾ ಬಿಡದಿಗೆ 1997ರಲ್ಲಿ ಬಂದ ಮೇಲೆ, ಅದಕ್ಕೆ ಮಾಲು ಕೊಡುವವರಿಗೆ, ಅವರಿಗೆ ಮಾಲು ಕೊಡುವವರಿಗೆ ಈ ಮಾತುಗಳು ಒಬ್ಬರಿಂದ ಒಬ್ಬರಿಗೆ ದಾಟಿವೆ.

ಇವರಿಗೆ ಭಾಷಾ ಭತ್ಯೆ ಇಲ್ಲ, ಅದನ್ನು ಯಾರೂ ಕೇಳಿಯೂ ಇಲ್ಲ. ಆದರೆ ಜಪಾನಿನಿಂದ ಆಡಿಟಿಗೆ ಬಂದವರು ನೇರ ಈ ಹಿರಿಯರ ಯಂತ್ರದ ಮುಂದೆ ನಿಲ್ಲುತ್ತಾರಂತೆ, ದುಭಾಷಿ ಹಿಂದೆ ಓಡಿ ಬರುತ್ತಾನಂತೆ. ಕೈಯಲ್ಲಿ ಕಸುಬು ಇದ್ದರೆ ಹನ್ನೆರಡು ಪದಕ್ಕೂ ಬೆಲೆ ಬರುತ್ತದೆ ಎನ್ನಬೇಕೇ, ಇಲ್ಲ ಹನ್ನೆರಡು ಪದದ ಸಂಬಳ ಹನ್ನೆರಡು ಪದದಷ್ಟೇ ಎನ್ನಬೇಕೇ, ತೀರ್ಮಾನಕ್ಕೆ ಬರಲಾಗಲಿಲ್ಲ.

*

ಜರ್ಮನ್ ಬಿ1 ತರಗತಿಯಲ್ಲಿ ಒಂದು ಮಧ್ಯಾಹ್ನ ಹಿಂದಿನ ಬೆಂಚಿನಲ್ಲಿ ಕೂರಲು ಅನುಮತಿ ಸಿಕ್ಕಿತು. ಹದಿನೈದು ಜನರಲ್ಲಿ ಮುಕ್ಕಾಲುಪಾಲು ನರ್ಸುಗಳು. ಹಾಸನ, ಚಿಕ್ಕಮಗಳೂರು, ಪುತ್ತೂರು ಕಡೆಯವರು, ಇಬ್ಬರು ಕೇರಳದವರು. ನನ್ನ ಮುಂದೆ ಕೂತ ಹಾಸನದ ಹುಡುಗಿಯ ನೋಟ್‌ಬುಕ್ ನನಗೆ ಪೂರ್ತಿ ಕಾಣುತ್ತಿತ್ತು. ಜರ್ಮನ್ ನಾಮಪದಗಳಿಗೆ ಮೂರು ಲಿಂಗ. ಗಂಡಿಗೆ ನೀಲಿ ಪೆನ್ನು, ಹೆಣ್ಣಿಗೆ ಕೆಂಪು, ನಪುಂಸಕಕ್ಕೆ ಹಸಿರು. ಪುಟ ತುಂಬ ಮೂರು ಬಣ್ಣ. ಹಾಸಿಗೆ ಹಸಿರು, ಸಿರಿಂಜು ಕೆಂಪು, ವೈದ್ಯ ನೀಲಿ. ಪ್ರತಿ ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಲಿಪಿ: ‘ವೋ ಹಾಬೆನ್ ಜೀ ಶ್ಮೆರ್ತ್ಸೆನ್?’ ಎಲ್ಲಿ ನೋವಾಗುತ್ತಿದೆ ಎಂದು ರೋಗಿಯನ್ನು ಕೇಳುವುದು. ಮೇಷ್ಟ್ರು ಬೆಂಚಿನ ಹತ್ತಿರ ಬಂದರೆ ಅಂಗೈಯಿಂದ ಕನ್ನಡವನ್ನು ಮುಚ್ಚಿಕೊಳ್ಳುತ್ತಿದ್ದಳು. ಅಕ್ಷರ ಬರೆದುಕೊಂಡರೆ ಉಚ್ಚಾರ ಕೆಡುತ್ತದೆ ಎಂದು ಅವರ ನಿಯಮ. ಅವಳ ಉಚ್ಚಾರವೇ ಆ ಕ್ಲಾಸಿನಲ್ಲಿ ಚೆನ್ನಾಗಿತ್ತು.

ಜೋಡಿ ಅಭ್ಯಾಸ ಶುರುವಾಯಿತು. ಪುತ್ತೂರಿನವಳು ಎಂಬತ್ತು ವರ್ಷದ ರೋಗಿ, ಹಾಸನದವಳು ನರ್ಸು. ರೋಗಿ ಮಾತ್ರೆ ಬೇಡ ಎನ್ನಬೇಕು, ನರ್ಸು ಒಪ್ಪಿಸಬೇಕು. ಪುಸ್ತಕದಲ್ಲಿ ಆರು ವಾಕ್ಯದ ಸಂಭಾಷಣೆ. ಪುತ್ತೂರಿನ ಅಜ್ಜಿ ಪುಸ್ತಕ ಬಿಟ್ಟು ಹಟ ಹಿಡಿದಳು. ನರ್ಸಿಗೆ ಜರ್ಮನ್ ಸಾಲದೆ ಬಂತು, ಒಂದು ಕ್ಷಣ ತಡೆದು, ಅಜ್ಜಿಯ ಕೈ ಹಿಡಿದು, ಇದ್ದ ಪದಗಳಲ್ಲೇ ಏನೋ ಹೇಳಿದಳು. ವ್ಯಾಕರಣ ಮೂರು ಕಡೆ ತಪ್ಪಿತಂತೆ. ಅಜ್ಜಿ ಮಾತ್ರೆ ನುಂಗಿದಳು.

ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಬೇಕು. ವೈದ್ಯರಿಗೆ ಬಿ2 ಸಾಲದು, ರೋಗಿಯ ಜೊತೆ, ಸಹೋದ್ಯೋಗಿ ಜೊತೆ ಮಾತಾಡುವ ವೈದ್ಯಕೀಯ ಜರ್ಮನ್ನಿನ ಪರೀಕ್ಷೆ ಸಿ1 ಮಟ್ಟದಲ್ಲಿ ಬೇರೆ ಇದೆ. ಅಲ್ಲಿ ವಯಸ್ಸಾದವರು ಹೆಚ್ಚುತ್ತಿದ್ದಾರೆ, ನೋಡಿಕೊಳ್ಳುವ ಕೈಗಳು ಕಡಿಮೆ. 2022ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಜರ್ಮನಿ ವಲಸೆಯ ಬಗ್ಗೆ ಒಪ್ಪಂದ ಮಾಡಿಕೊಂಡವು. 2024ರಲ್ಲಿ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ ಹೇಳಿತು. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮವೂ ಹೊರದೇಶದ ಕೆಲಸಕ್ಕೆ ಕಳಿಸಲೆಂದೇ ಒಂದು ಕೇಂದ್ರ ಇಟ್ಟುಕೊಂಡಿದೆ.

ತರಗತಿ ಮುಗಿದ ಮೇಲೆ ಹಾಸನದವಳನ್ನು ಕೇಳಿದೆ, ಜರ್ಮನ್ನೇ ಯಾಕೆ ಆರಿಸಿಕೊಂಡೆ ಎಂದು. ಪ್ರಶ್ನೆಯೇ ಅರ್ಥವಾಗದವಳಂತೆ ನೋಡಿದಳು. “ನಾನೆಲ್ಲಿ ಆರಿಸ್ಕೊಂಡೆ ಸಾರ್? ಅಲ್ಲಿ ನರ್ಸ್ ಬೇಕು ಅಂದ್ರು. ಇಲ್ಲಿ ಆರು ವರ್ಷದಿಂದ ನೈಟ್ ಡ್ಯೂಟಿ ಮಾಡ್ತಿದೀನಿ.”

ಯಾವ ಭಾಷೆ ಎಂದು ಕೇಳುವವರ ಕೈಯಲ್ಲಿ ಕೆಲಸ ಇರುವುದಿಲ್ಲ. ಕೈಯಲ್ಲಿ ಕೆಲಸ ಇರುವವರು ಯಾವ ಭಾಷೆ ಎಂದು ಕೇಳುವುದಿಲ್ಲ. ಈವರೆಗಿನ ಟಿಪ್ಪಣಿಗಳಲ್ಲಿ ನನಗೆ ಸ್ವಲ್ಪ ಖಾತ್ರಿ ಇರುವುದು ಇದೊಂದೇ.

*

ಇದಕ್ಕೆ ಅಡ್ಡ ಬರುವ ಸಾಕ್ಷಿಯನ್ನೂ ಬರೆದುಕೊಳ್ಳಬೇಕು. ದುಬೈ, ಕುವೈತ್, ದಮ್ಮಾಮ್. ಉಡುಪಿ, ಮಂಗಳೂರು, ಭಟ್ಕಳದ ಎಷ್ಟೋ ಮನೆಗಳ ಎರಡನೇ ಮಹಡಿ ಎದ್ದದ್ದು ಆ ದುಡ್ಡಿನಲ್ಲಿ. ಅಷ್ಟು ದಶಕಗಳ ನಂಟಿದ್ದರೂ ಅರೇಬಿಕ್ ಮಾತಾಡಬಲ್ಲವರು ಎಷ್ಟು? ದುಬೈನಲ್ಲಿ ಸ್ಥಳೀಯರಿಗಿಂತ ಹೊರಗಿನವರೇ ಹೆಚ್ಚು. ಮೇಸ್ತ್ರಿಯ ಜೊತೆ ಹಿಂದಿ, ಅಂಗಡಿಯಲ್ಲಿ ಮಲಯಾಳ, ಆಫೀಸಿನಲ್ಲಿ ಇಂಗ್ಲಿಷ್, ರೂಮಿನಲ್ಲಿ ತುಳು. ಕಾಪುವಿನ ಒಬ್ಬರು ಅರ್ಧ ಆಯುಷ್ಯ ಅಲ್ಲಿ ಕಳೆದು ಬಂದವರು. ಅರೇಬಿಕ್ ಎಷ್ಟು ಬರುತ್ತದೆ ಎಂದರೆ “ಯಲ್ಲಾ, ಖಲಾಸ್, ಇನ್ಷಾಲ್ಲಾ. ಮಾರಾಯ್ರೆ, ಇದಕ್ಕಿಂತ ಹೆಚ್ಚು ಯಾರೂ ಕೇಳ್ಲಿಲ್ಲ” ಎಂದರು.

ಪರೀಕ್ಷೆ ಕೇಳದ ದೇಶಕ್ಕೆ ಭಾಷೆ ಇಲ್ಲದೆಯೂ ಹೋದರು, ದುಡಿದರು, ಬಂದರು.

*

ಪರೀಕ್ಷೆ ಕೇಳುವ ದೇಶದ್ದು ಇನ್ನೊಂದು ತಮಾಷೆ. ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರಿನವರು ಕೆಲವರು ರಾತ್ರಿ ಹತ್ತಕ್ಕೆ ಫ್ರೆಂಚ್ ಕ್ಲಾಸಿಗೆ ಕೂರುತ್ತಾರೆ. ಫ್ರಾನ್ಸಿಗಲ್ಲ, ಕೆನಡಾಕ್ಕೆ. ಅಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ ಇಂಗ್ಲಿಷಿನ ಜೊತೆ ಒಳ್ಳೆಯ ಫ್ರೆಂಚ್ ಇದ್ದರೆ ಹೆಚ್ಚುವರಿ 50 ಅಂಕದವರೆಗೆ ಸಿಗುತ್ತದೆ. 2023ರಿಂದ ಫ್ರೆಂಚ್ ಬಲ್ಲವರಿಗೇ ಪ್ರತ್ಯೇಕ ಸುತ್ತುಗಳು ಬೇರೆ. ಆದರೆ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯ ತನ್ನ ವಲಸಿಗರನ್ನು ತಾನೇ ಬೇರೆ ದಾರಿಯಲ್ಲಿ ಆರಿಸಿಕೊಳ್ಳುತ್ತದೆ. ಎಕ್ಸ್‌ಪ್ರೆಸ್ ಎಂಟ್ರಿ ಕ್ವಿಬೆಕ್‌ನ ಹೊರಗೆ ನೆಲೆಸುವವರಿಗೆ.

ಅಂದರೆ ಇವರು ಫ್ರೆಂಚ್ ಕಲಿತು, ಪರೀಕ್ಷೆ ಬರೆದು, ಆ ಬಲದಿಂದ ಟೊರಾಂಟೋಗೆ ಹೋಗಿ, ಅಲ್ಲಿ ಇಂಗ್ಲಿಷ್ ಮಾತಾಡಿಕೊಂಡು ಇರುತ್ತಾರೆ. ತಪ್ಪು ಹುಡುಕುತ್ತಿಲ್ಲ. ಕಲಿತದ್ದು ಎಂದೂ ಬಾಯಿಗೆ ಬರಬೇಕಿಲ್ಲದ, ಆದರೂ ಇಷ್ಟೊಂದು ಲಾಭ ತರುವ ಭಾಷೆ ಇನ್ನೊಂದು ಇದೆಯೇ ಎಂದು ಬೆರಗು. ನಮ್ಮಲ್ಲಿ ಪಿಯುಸಿಯಲ್ಲಿ ಕನ್ನಡ ಬಿಟ್ಟು ಸಂಸ್ಕೃತ ಅಥವಾ ಫ್ರೆಂಚ್ ತೆಗೆದುಕೊಂಡು ನೂರಕ್ಕೆ ನೂರು ಬಾಚುವ ಮಕ್ಕಳು ನೆನಪಾದರು. ಅಭ್ಯಾಸ ಚಿಕ್ಕಂದಿನಿಂದಲೇ ಆಗಿದೆ.

*

ಹಂಪಿ. ಕಲ್ಲಿನ ರಥದ ಮುಂದೆ ಒಬ್ಬ ಗೈಡ್ ಫ್ರೆಂಚರ ಗುಂಪಿಗೆ ವಿವರಿಸುತ್ತಿದ್ದ. ನೀರು ಹರಿದಂತೆ ಮಾತು, ಕೈಯಾಡಿಸುವುದೂ ಫ್ರೆಂಚರ ಥರವೇ. ಗುಂಪು ನಕ್ಕಿತು, ಅಂದರೆ ಜೋಕೂ ಇತ್ತು. ವಿರಾಮದಲ್ಲಿ ಆ ಗುಂಪಿನ ಹೆಂಗಸು ಏನೋ ಕೇಳಿದರೆ ಇವನು ಇಂಗ್ಲಿಷಿಗೆ ಹೊರಳಿದ. ಆಮೇಲೆ ಹೇಳಿದ: “ಗುಡಿ ಬಗ್ಗೆ ಕೇಳಿದ್ರೆ ಎರಡು ತಾಸು ಮಾತಾಡ್ತೀನ್ರಿ. ಊಟದ ಬಗ್ಗೆ ಕೇಳಿದ್ರೆ ಬರಂಗಿಲ್ಲ.” ಓದಲು ಬರುತ್ತದೆಯೇ? “ಇಲ್ರಿ. ಹಿರೇ ಗೈಡ್ ಹಿಂದ ತಿರುಗಿ ಕೇಳಿ ಕೇಳಿ ಕಲ್ತಿದ್ದು.” ಇಂಗ್ಲಿಷ್ ಗೈಡಿಗಿಂತ ಇವನಿಗೆ ದಿನದ ಲೆಕ್ಕ ಹೆಚ್ಚು. ಎ1 ಪರೀಕ್ಷೆಗೆ ಕೂರಿಸಿದರೆ ಬಹುಶಃ ಫೇಲು.

ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ಒಂದು ಕಾಲಕ್ಕೆ ಹೀಬ್ರೂ ಮಾತಾಡುವ ಹುಡುಗರಿದ್ದರು. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಬರುವ ಇಸ್ರೇಲಿನ ಯುವಕರು ಅಲ್ಲಿನ ಗೆಸ್ಟ್‌ಹೌಸುಗಳಲ್ಲಿ ವಾರಗಟ್ಟಲೆ ಇರುತ್ತಿದ್ದರು. ಮೆನು ಕಾರ್ಡೂ ಹೀಬ್ರೂ ಅಕ್ಷರದಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಅಕ್ರಮ ಕಟ್ಟಡಗಳನ್ನು ಕೆಡವಿದರು, ಅದೇ ಹೊತ್ತಿಗೆ ಕೊರೊನಾ ಬಂತು. ಆ ಹೀಬ್ರೂ ಈಗ ಯಾವ ಕೆಲಸಕ್ಕೆ ಬರುತ್ತಿದೆಯೋ. ಗಂಗಾವತಿಯಲ್ಲಿ ಆ ಹುಡುಗರಲ್ಲೊಬ್ಬನ ಮೊಬೈಲ್ ಅಂಗಡಿ ಇದೆಯಂತೆ.

*

ಹಿಂದೊಮ್ಮೆ ರಷ್ಯನ್ ಇತ್ತು. ನಮ್ಮ ಕಾಲೇಜು ದಿನಗಳಲ್ಲಿ ಕೆಲಸಕ್ಕೆ ಆಗುವ ವಿದೇಶಿ ಭಾಷೆ ಎಂದರೆ ಅದೇ. ಮಾಸ್ಕೋದಲ್ಲೇ ಅಚ್ಚಾದ ಕನ್ನಡ ಪುಸ್ತಕಗಳು ನವಕರ್ನಾಟಕದ ಮಳಿಗೆಯಲ್ಲಿ ಕಡಲೆಕಾಯಿ ಬೆಲೆಗೆ ಸಿಗುತ್ತಿದ್ದವು. ಅಲ್ಲಿಗೆ ಓದಲು ಹೋಗುವವರಿಗೆ ವಿದ್ಯಾರ್ಥಿವೇತನ, ಬಂದವರಿಗೆ ಅನುವಾದದ ಕೆಲಸ. 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ರಷ್ಯನ್ ಡಿಪ್ಲೊಮಾ ಮಾಡಿದ್ದ ಪರಿಚಿತರೊಬ್ಬರು ಆಮೇಲೆ ಎಲ್‌ಐಸಿ ಏಜೆಂಟರಾದರು, ಚೆನ್ನಾಗಿಯೇ ಇದ್ದಾರೆ.

ಸತ್ತಿತು ಎಂದುಕೊಂಡರೆ ಅದೂ ಅಲ್ಲ. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು 2020-21ರಲ್ಲಿ ಮಾಸ್ಕೋ ಹತ್ತಿರದ ಗಗಾರಿನ್ ಕೇಂದ್ರದಲ್ಲಿ ತರಬೇತಿ ಪಡೆದಾಗ ರಷ್ಯನ್ನನ್ನೂ ಕಲಿಯಬೇಕಾಯಿತು. ಅಗ್ಗದ ಎಂಬಿಬಿಎಸ್‌ಗೆಂದು ರಷ್ಯಾಕ್ಕೆ ಹೋಗುವ ನಮ್ಮ ಮಕ್ಕಳು ಪಾಠ ಇಂಗ್ಲಿಷಿನಲ್ಲಿ ಕೇಳಿದರೂ ವಾರ್ಡಿನಲ್ಲಿ ರೋಗಿಯ ಮುಂದೆ ನಿಂತಾಗ ರಷ್ಯನ್ ಬೇಕೇಬೇಕು.

ಇನ್ನು ನಮ್ಮ ಸರ್ಕಾರಗಳ ಏರಿಳಿತ. ಕೇಂದ್ರೀಯ ವಿದ್ಯಾಲಯಗಳಲ್ಲಿ 2011ರ ಒಪ್ಪಂದದಂತೆ ಜರ್ಮನ್ ಮೂರನೇ ಭಾಷೆಯಾಗಿ ಬಂತು, 2014ರ ನವೆಂಬರ್‌ನಲ್ಲಿ, ವರ್ಷದ ನಡುವೆ, ಅದರ ಜಾಗಕ್ಕೆ ಸಂಸ್ಕೃತ. ಹೊಸ ಶಿಕ್ಷಣ ನೀತಿಯ 2019ರ ಕರಡಿನಲ್ಲಿ ಚೀನೀ ಭಾಷೆಯ ಹೆಸರಿತ್ತು. 2020ರ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಚೀನಾ ಜೊತೆ ಗಡಿ ಘರ್ಷಣೆ, ಜುಲೈನಲ್ಲಿ ಬಂದ ನೀತಿಯಲ್ಲಿ ಚೀನೀ ಇಲ್ಲ. ಕೊರಿಯನ್, ಥಾಯ್, ಪೋರ್ಚುಗೀಸ್ ಇವೆ. ಇತ್ತ ಎಸ್.ಪಿ. ರಸ್ತೆಯ ವ್ಯಾಪಾರಿಗಳು ಗ್ವಾಂಗ್‌ಜೌ, ಯೀವೂಗಳಿಗೆ ಹೋಗಿ ದುಭಾಷಿಗೆ ದಿನಗೂಲಿ ಕೊಡುತ್ತಲೇ ಇದ್ದಾರೆ. ಪಟ್ಟಿಯಲ್ಲಿ ಇಲ್ಲದ ಭಾಷೆಗೆ ಮಾರುಕಟ್ಟೆ ಇದೆ, ಪಟ್ಟಿಯಲ್ಲಿರುವ ಥಾಯ್ ಕಲಿಸುವ ಮೇಷ್ಟ್ರು ಬೆಂಗಳೂರಿನಲ್ಲಿ ನನಗಂತೂ ಸಿಕ್ಕಿಲ್ಲ.

*

ಧರ್ಮಪ್ರಚಾರದ ನೌಕರಿಗಾಗಿ ಭಾಷೆ ಕಲಿತವರೊಬ್ಬರ ಪ್ರತಿಮೆ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿದೆ. ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್ನಿನ ಕೆಲಸಕ್ಕೆ 1853ರಲ್ಲಿ ಧಾರವಾಡಕ್ಕೆ ಬಂದರು, ಕನ್ನಡ ಕಲಿಯುವುದು ಆ ಕೆಲಸದ ಷರತ್ತು. ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಕೆಲಸಕ್ಕೆ ಬೇಕಾದಷ್ಟು ಕಲಿತು ನಿಲ್ಲಿಸಿದ್ದರೆ ಅವರೂ ಬಿ2. ಕರಿಯರ್ ದೃಷ್ಟಿಯಿಂದ ನೋಡಿದರೆ ನಲವತ್ತು ವರ್ಷ ದಂಡ, ಜಪಾನಿನವರ ಮಾತಿನಲ್ಲಿ ಮುಡಾ.

*

ದುಡ್ಡಿನ ಲೆಕ್ಕ ಹಿಡಿದವರೂ ಇದ್ದಾರೆ. ಆಲ್ಬರ್ಟ್ ಸೈಜ್ ಮತ್ತು ಎಲೆನಾ ಜೋಯ್ಡೊ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಪದವೀಧರರ ಬಗ್ಗೆ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೇ ಭಾಷೆ ಬಲ್ಲವರಿಗೆ ಸಿಗುವ ಹೆಚ್ಚುವರಿ ಸಂಬಳ ನೂರಕ್ಕೆ ಎರಡು ಮೂರು. ಭಾರತದಲ್ಲಿ ಇಂಗ್ಲಿಷ್ ಬಲ್ಲವರ ಕೂಲಿಯ ಬಗ್ಗೆ ಆಜಂ, ಚಿನ್ ಮತ್ತು ಪ್ರಕಾಶ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೆನ್ನಾಗಿ ಇಂಗ್ಲಿಷ್ ಮಾತಾಡುವ ಗಂಡಸರಿಗೆ ಇಂಗ್ಲಿಷ್ ಬಾರದವರಿಗಿಂತ ಗಂಟೆಗೂಲಿ ನೂರಕ್ಕೆ 34 ಹೆಚ್ಚು. ಅಲ್ಪಸ್ವಲ್ಪ ಬಲ್ಲವರಿಗೆ 13.

ಎರಡು ದೇಶ, ಎರಡು ಲೆಕ್ಕ, ಪಕ್ಕಪಕ್ಕ ಇಟ್ಟು ಹೋಲಿಸುವುದು ಪೂರಾ ಸರಿಯಲ್ಲ. ಆದರೂ ಒಂದು ಅನುಮಾನ ಹೋಗುವುದಿಲ್ಲ. ಎ1 ಜರ್ಮನ್ನಿಗೆ ಫೀಸು ಕಟ್ಟಿರುವ ಹುಡುಗರ ಇಂಗ್ಲಿಷ್ ಈಮೇಲುಗಳನ್ನು ನಾನು ತಿದ್ದಿಕೊಟ್ಟಿದ್ದೇನೆ. ‘ಅಲ್ಪಸ್ವಲ್ಪ’ದಿಂದ ‘ಚೆನ್ನಾಗಿ’ಗೆ ಏರುವ ಒಂದೇ ಮೆಟ್ಟಿಲಿನಲ್ಲಿ ಇಷ್ಟು ದುಡ್ಡು ಬಿದ್ದಿರುವಾಗ ಅದನ್ನು ದಾಟಿ ಹೋಗಿ ಹೊಸ ಏಣಿ ಇಡುತ್ತಿದ್ದಾರಲ್ಲ ಎಂದು. ಹೇಳಿದರೆ ಸಿಟ್ಟು ಬರುತ್ತದೆ. ಇಂಗ್ಲಿಷ್ ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಜರ್ಮನ್ ಕಲಿಯುತ್ತಿದ್ದೇನೆ ಎನ್ನುವುದು ಗೌರವ.

*

ಫೋನಿಗೆ ಮಾತಾಡಿದರೆ ಅದೇ ಜರ್ಮನ್ನಿಗೆ ತಿರುಗಿಸಿ ಓದುತ್ತದೆ. ಇನ್‌ವಾಯ್ಸ್ ನೋಡಿ ಡಸೆಲ್‌ಡಾರ್ಫ್‌ಗೆ ನಾಲ್ಕು ಸಾಲು ಬರೆಯುವ ಬೆಂಗಳೂರಿನ ಕೆಲಸಗಳಿಗೆ ಮೊದಲು ಬಿ1 ಹುಡುಗರು ಬೇಕಿದ್ದರು, ಮಾಮೂಲಿ ಸಂಬಳದ ಮೇಲೆ ಇನ್ನಷ್ಟು ಕೊಡುತ್ತಿದ್ದರು. ಆ ನಾಲ್ಕು ಸಾಲನ್ನು ಈಗ ಯಂತ್ರ ಬರೆಯುತ್ತದೆ, ಮೇಲೆ ಒಬ್ಬ ಸಿ1 ಕಣ್ಣಾಡಿಸುತ್ತಾನೆ. ನಡುವಿನ ಮೆಟ್ಟಿಲನ್ನು ಯಂತ್ರ ತಿಂದಿದೆ. ಹಾಗಿದ್ದೂ ತರಗತಿಗಳಿಗೆ ನೂಕುನುಗ್ಗಲು. ಮೊದಮೊದಲು ಇದು ನನಗೆ ಒಗಟು. ಆಮೇಲೆ ಹೊಳೆಯಿತು, ವೀಸಾ ಕಿಟಕಿಯಲ್ಲಿ ಫೋನನ್ನು ಸರ್ಟಿಫಿಕೇಟ್ ಎಂದು ತೆಗೆದುಕೊಳ್ಳುವುದಿಲ್ಲ. ನೋವು ಎಲ್ಲಿ ಎಂದು ಕೇಳುವಾಗ ಎಂಬತ್ತರ ಅಜ್ಜಿಯೂ ಫೋನ್ ಕಡೆ ನೋಡುವುದಿಲ್ಲ.

*

ಜರ್ಮನಿ 2024ರ ಜೂನ್‌ನಿಂದ ‘ಅವಕಾಶ ಕಾರ್ಡ್’ ಕೊಡುತ್ತಿದೆ. ಕೈಯಲ್ಲಿ ಕೆಲಸದ ಪತ್ರ ಇಲ್ಲದವರೂ ಅಲ್ಲಿಗೆ ಹೋಗಿ ಒಂದು ವರ್ಷ ಕೆಲಸ ಹುಡುಕಬಹುದು. ಈಗ ಎಲ್ಲರ ಬಾಯಲ್ಲೂ ಇದೇ, ಹಾಗಾಗಿ ಅದರ ಅಂಕದ ಪಟ್ಟಿಯನ್ನು ಕೂತು ಓದಿದೆ. ಪದವಿ ಅಥವಾ ಕನಿಷ್ಠ ಎರಡು ವರ್ಷದ ಮಾನ್ಯ ವೃತ್ತಿ ತರಬೇತಿ ಆಗಿರಬೇಕು. ಭಾಷೆಯಲ್ಲಿ ಜರ್ಮನ್ ಎ1 ಇಲ್ಲವೇ ಇಂಗ್ಲಿಷ್ ಬಿ2, ಎರಡರಲ್ಲಿ ಒಂದು ಇದ್ದರೆ ಅರ್ಜಿ ಹಾಕಬಹುದು. ಖರ್ಚಿಗೆ ದುಡ್ಡು ಇದೆಯೆಂದು ತೋರಿಸಬೇಕು. ಆಮೇಲೆ ಆರು ಅಂಕ ಕೂಡಿಸಬೇಕು.

ಜರ್ಮನ್ ಎ2ಗೆ ಒಂದು ಅಂಕ, ಬಿ1ಗೆ ಎರಡು, ಬಿ2 ಅಥವಾ ಮೇಲಿದ್ದರೆ ಮೂರು. ಇಂಗ್ಲಿಷ್ ಸಿ1ಗೆ ಒಂದು. ಕಲಿತ ಕಸುಬಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದರೆ ಎರಡು, ಐದು ವರ್ಷ ಮಾಡಿದ್ದರೆ ಮೂರು. ವಯಸ್ಸು 35 ದಾಟಿರದಿದ್ದರೆ ಎರಡು. ಅಲ್ಲಿ ಜನ ಸಿಗದ ಕಸುಬಾಗಿದ್ದರೆ ಇನ್ನೊಂದು. ಓದಿಗೆ ಅಲ್ಲಿ ಭಾಗಶಃ ಮಾನ್ಯತೆ ಸಿಕ್ಕಿದ್ದರೆ ನಾಲ್ಕು.

ಭಾಷೆಯನ್ನೇ ಕೇಳುವ ದೇಶದ ಪಟ್ಟಿಯಲ್ಲೇ ಬಿ2ಗೂ ಐದು ವರ್ಷದ ದುಡಿಮೆಗೂ ಒಂದೇ ಬೆಲೆ. ಕ್ಲಾಸಿಗೆ ಸೇರುವವರು ಮೊದಲು ಈ ಪಟ್ಟಿಯಲ್ಲಿ ತಮ್ಮ ಅಂಕ ಕೂಡಿಸಿ ನೋಡಲಿ. ಲೈಟು ಕಂಬದ ಚೀಟಿಗಳಲ್ಲಿ ದಪ್ಪ ಅಕ್ಷರದಲ್ಲಿರುವ ಎ1 ಅರ್ಜಿ ಹಾಕಲು ಅರ್ಹತೆ ಕೊಡುತ್ತದೆ, ಅಂಕ ಕೊಡುವುದಿಲ್ಲ.